ಕಾರು ಇಟ್ಟ ರಂಗೋಲಿ

ಅಮೆರಿಕೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳ ಮುಂದೆ ಎರಡು ಬಗೆಯ ರಂಗೋಲಿಗಳನ್ನು ಕಾಣಬಹುದು. ಮೊದಲನೆಯದು ಯುಗಾದಿ, ಗೌರಿ ಹಬ್ಬ, ದೀಪಾವಳಿಗಳಂದು ಮನೆಯೊಡತಿ ಹೊಸ್ತಿಲ ಮುಂದೆ ಶ್ರದ್ಧೆಯಿಂದ ಇಡುವಂಥದು. ಅದು ಮೊದಲ ಮಳೆಗೇ ಅಳಿಸಿಹೋಗುತ್ತದೆ. ಎರಡನೆಯದು ನಮ್ಮ ಹಳೆಯ ಕಾರು, ಯಾವ ತಿಥಿ ನಕ್ಷತ್ರಗಳನ್ನೂ ನೋಡದೆ, ಡ್ರೈವ್‌ವೇಯ ಬಿಳಿಯ ಕಾಂಕ್ರೀಟಿನ ಮೇಲೆ ರಾತ್ರೋರಾತ್ರಿ ಚುಕ್ಕಿಗಳನ್ನಿಟ್ಟು ಬಿಡಿಸುವ ಕಪ್ಪು ರಂಗೋಲಿ. ಇದು ಮಳೆಗೂ ಅಳಿಯದು, ಹಿಮಕ್ಕೂ ಅಳಿಯದು. ಈ ಎರಡನೆಯ ರಂಗೋಲಿಯನ್ನು ಓದುವ ವಿದ್ಯೆಯೇ ಪ್ರಸ್ತುತ ಲೇಖನದ ವಸ್ತು.

ಸ್ಮರಣ ಸಂಚಿಕೆಯೊಂದರಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಸ್ಮರಿಸುವುದನ್ನು ಬಿಟ್ಟು ಎಂಜಿನ್ ಎಣ್ಣೆಯ ಸೋರಿಕೆಯನ್ನು ಕುರಿತು ಬರೆಯುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಈ ಸಮ್ಮೇಳನಕ್ಕೆ ನೂರಾರು ಮೈಲಿ ಕಾರು ನಡೆಸಿಕೊಂಡು ಬಂದಿರುವ ಬಂಧುಗಳನ್ನು ನಾನು ಬಲ್ಲೆ. ನಮ್ಮಲ್ಲಿ ಹೃದಯವನ್ನು ಬಿಚ್ಚಿ ಹೊಲಿಯಬಲ್ಲ ವೈದ್ಯರಿದ್ದಾರೆ. ಸೇತುವೆ ಕಟ್ಟುವ, ಗಣಕಯಂತ್ರಕ್ಕೆ ಬುದ್ಧಿ ಕಲಿಸುವ ಎಂಜಿನಿಯರುಗಳಿದ್ದಾರೆ. ಆದರೆ ತಮ್ಮ ಕಾರಿನ ಮುಂಭಾಗದ ಮುಚ್ಚಳವನ್ನು ಎತ್ತಿ ಒಳಗೆ ಇಣುಕಿ ನೋಡುವ ಧೈರ್ಯ ಮಾಡಿದವರು ಎಷ್ಟು ಮಂದಿ? ಅದು ಧೈರ್ಯದ ಕೊರತೆಯಲ್ಲ, ಅಭ್ಯಾಸದ ಕೊರತೆ. ಕೈ ಮಸಿಯಾಗುವ ಕೆಲಸ ಬೇರೊಬ್ಬರದು ಎಂಬ ಭಾವನೆಯನ್ನು ನಾವು ಪೆಟ್ಟಿಗೆಯಲ್ಲಿ ಬಟ್ಟೆಬರೆಯೊಂದಿಗೆ ಕಟ್ಟಿಕೊಂಡೇ ವಿಮಾನ ಹತ್ತಿದೆವು. ಎಲ್ಲ ಕಾಯಕವೂ ಸಮಾನವೆಂದು ಹನ್ನೆರಡನೆಯ ಶತಮಾನದಲ್ಲೇ ಸಾರಿದ ಶರಣರ ನಾಡಿನಿಂದ ಬಂದವರಿಗೆ ಇದು ಅಷ್ಟಾಗಿ ಒಪ್ಪುವ ಮಾತಲ್ಲ.

ಕೀಲೆಣ್ಣೆಯ ಪರಂಪರೆ

ನಮ್ಮ ಹಿರಿಯರಿಗೆ ಈ ವಿದ್ಯೆ ಹೊಸದೇನೂ ಆಗಿರಲಿಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆಯನ್ನು ಹಳ್ಳಿಯಲ್ಲಿ ಬೆಳೆದವರು ನೋಡಿಯೇ ಇರುತ್ತಾರೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿಯನ್ನು ಬೆರೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಅಡಿಯಲ್ಲಿ ತೂಗುಹಾಕುತ್ತಿದ್ದರು. ಕೀಲೆಣ್ಣೆ ಒಣಗಿದ ಗಾಡಿಯ ಕಿರುಗುಟ್ಟುವಿಕೆ ಊರಾಚೆಗೂ ಕೇಳಿಸುತ್ತಿತ್ತು; ಕೇಳಿದವರು ಗಾಡಿಯ ಯಜಮಾನನ ಸೋಮಾರಿತನವನ್ನು ಆಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡನ ಕಂಪನಿ 1909ರಲ್ಲಿ ಮಾರುಕಟ್ಟೆಗೆ ತಂದ ಮೋಟಾರು ಎಣ್ಣೆಗೆ ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದು ಅದರಲ್ಲಿ ಸೇರಿಸಿದ್ದ ಕ್ಯಾಸ್ಟರ್ ಆಯಿಲ್‌ನಿಂದ, ಅಂದರೆ ನಮ್ಮ ಹರಳೆಣ್ಣೆಯಿಂದಲೇ ಎಂಬುದನ್ನು ತಿಳಿದಾಗ ನನಗಂತೂ ಒಂದು ಬಗೆಯ ಬಂಧುತ್ವದ ಭಾವ ಉಂಟಾಯಿತು.

ಗಾಡಿಯ ಅಚ್ಚಿಗೂ ಕಾರಿನ ಎಂಜಿನ್ನಿಗೂ ಇರುವ ವ್ಯತ್ಯಾಸ ವೇಗದ್ದು. ಹೆದ್ದಾರಿಯಲ್ಲಿ ಸಾಗುವಾಗ ಎಂಜಿನ್ನಿನ ಕ್ರ್ಯಾಂಕ್ ದಂಡವು ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. ಆ ದಂಡಕ್ಕೂ ಅದನ್ನು ಹೊತ್ತಿರುವ ಬೇರಿಂಗುಗಳಿಗೂ ನಡುವೆ ಲೋಹಕ್ಕೆ ಲೋಹ ತಾಕದಂತೆ ಕಾಯುವುದು ಕೂದಲೆಳೆಗಿಂತಲೂ ತೆಳುವಾದ ಎಣ್ಣೆಯ ಒಂದು ಪದರ. ಎಂಜಿನ್ನಿನ ತಳದ ತಟ್ಟೆಯಲ್ಲಿ ನಿಂತಿರುವ ಎಣ್ಣೆಯನ್ನು ಪಂಪು ಮೇಲಕ್ಕೆತ್ತಿ ಮೂಲೆಮೂಲೆಗೂ ತಳ್ಳುತ್ತದೆ. ಅದು ಘರ್ಷಣೆಯನ್ನು ತಗ್ಗಿಸಿ, ಬಿಸಿಯನ್ನು ಹೀರಿ, ಕೊಳೆಯನ್ನು ತೊಳೆದು, ಮತ್ತೆ ತಟ್ಟೆಗೆ ಇಳಿದುಬರುತ್ತದೆ.

ಈ ಎಣ್ಣೆಯನ್ನು ಒಳಗೇ ಹಿಡಿದಿಡುವವು ಎರಡು ಬಗೆಯ ಕಾವಲುಗಾರರು. ಅಲುಗಾಡದ ಎರಡು ಲೋಹದ ಭಾಗಗಳು ಕೂಡುವಲ್ಲಿ ಗ್ಯಾಸ್ಕೆಟ್ ಇರುತ್ತದೆ. ತಿರುಗುವ ದಂಡವೊಂದು ಎಂಜಿನ್ನಿನ ಗೋಡೆಯನ್ನು ದಾಟಿ ಹೊರಬರುವಲ್ಲಿ ಸೀಲ್ ಇರುತ್ತದೆ. ಎರಡೂ ಹೆಚ್ಚಾಗಿ ರಬ್ಬರಿನ ಜಾತಿಯವು. ದಿನದಿನವೂ ಕಾದು ತಣಿಯುತ್ತ ವರ್ಷಗಳು ಉರುಳಿದಂತೆ ರಬ್ಬರು ತನ್ನ ಮೆತ್ತನೆಯ ಗುಣವನ್ನು ಕಳೆದುಕೊಂಡು ಬಿರುಸಾಗುತ್ತದೆ, ಕುಗ್ಗುತ್ತದೆ, ಬಿರಿಯುತ್ತದೆ. ಆಗ ಎಣ್ಣೆ ಹೊರಗೆ ದಾರಿ ಹುಡುಕುತ್ತದೆ. ಸೋರಿಕೆ ಎಂದರೆ ಇಷ್ಟೇ.

ಹನಿಯ ಲೆಕ್ಕಾಚಾರ

ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಅಂಕಗಣಿತದಿಂದ ಪರೀಕ್ಷಿಸಿ ನೋಡೋಣ. ಒಂದು ಮಿಲಿಲೀಟರಿಗೆ ಸುಮಾರು 20 ಹನಿಗಳೆಂದು ಇಟ್ಟುಕೊಂಡರೆ, 946 ಮಿಲಿಲೀಟರಿನ ಒಂದು ಕ್ವಾರ್ಟಿಗೆ ಸುಮಾರು 19,000 ಹನಿಗಳಾದವು. ಹತ್ತು ನಿಮಿಷಕ್ಕೊಂದರಂತೆ ಹನಿ ಬಿದ್ದರೆ ದಿನಕ್ಕೆ 144 ಹನಿಗಳು. ಒಂದು ಕ್ವಾರ್ಟು ಬರಿದಾಗಲು ನಾಲ್ಕು ತಿಂಗಳಿಗಿಂತ ತುಸು ಹೆಚ್ಚು ಕಾಲ ಬೇಕು. ಬಹುತೇಕ ಕಾರುಗಳಲ್ಲಿ ಎಣ್ಣೆ ಅಳೆಯುವ ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದು ಕ್ವಾರ್ಟು. ಆದ್ದರಿಂದ ಇಂಥ ಸೋರಿಕೆಯಿಂದ ಎಂಜಿನ್ನಿಗೆ ತತ್‌ಕ್ಷಣದ ಅಪಾಯವಿಲ್ಲ. ತಿಂಗಳಿಗೊಮ್ಮೆ ಕಡ್ಡಿಯನ್ನು ನೋಡಿ ಕೊರತೆಯನ್ನು ತುಂಬುತ್ತ ಕಾಲ ತಳ್ಳಬಹುದು.

ಆದರೆ ಈ ಸಮಾಧಾನಕ್ಕೆ ಮೂರು ಮಿತಿಗಳಿವೆ. ಮೊದಲನೆಯದಾಗಿ, ನಿಂತ ಕಾರು ಹನಿಯುವುದಕ್ಕಿಂತ ಓಡುವ ಕಾರು ಬಹಳ ಹೆಚ್ಚಾಗಿ ಸೋರಬಲ್ಲದು. ಬಿಸಿಯಾದ ಎಣ್ಣೆ ನೀರಿನಂತೆ ತೆಳ್ಳಗಿರುತ್ತದೆ. ಎರಡನೆಯದಾಗಿ, ಕೆಂಡದಂತೆ ಕಾದಿರುವ ಎಕ್ಸಾಸ್ಟ್ ಕೊಳವೆಯ ಮೇಲೆ ಎಣ್ಣೆ ಬಿದ್ದರೆ ಹೊಗೆ ಕಾರಿನೊಳಗೆ ಬರುತ್ತದೆ; ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಉಂಟು. ಮೂರನೆಯದಾಗಿ, ನೆಲಕ್ಕೆ ಬಿದ್ದ ಎಣ್ಣೆ ಮಳೆನೀರಿನೊಂದಿಗೆ ಬೀದಿಯ ಚರಂಡಿಗೆ, ಅಲ್ಲಿಂದ ಯಾವ ಶುದ್ಧೀಕರಣವೂ ಇಲ್ಲದೆ ಹೊಳೆಗೆ ಸೇರುತ್ತದೆ. ಒಮ್ಮೆ ಎಣ್ಣೆ ಬದಲಾಯಿಸಿದಾಗ ಹೊರಬರುವ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕೆಯ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತ ಬಂದಿದೆ.

ನಮ್ಮ ಮನೆಯ ಪ್ರಕರಣ

ಸಾಮಾನ್ಯ ಮಾತುಗಳನ್ನು ಇಲ್ಲಿಗೆ ನಿಲ್ಲಿಸಿ ನಮ್ಮ ಮನೆಯ ಪ್ರಕರಣಕ್ಕೆ ಬರುತ್ತೇನೆ. ನಮ್ಮದು 2004ನೆಯ ಮಾದರಿಯ, ನಾಲ್ಕು ಸಿಲಿಂಡರುಗಳ, ಒಂದೂವರೆ ಲಕ್ಷ ಮೈಲಿಗೂ ಹೆಚ್ಚು ಓಡಿದ ಕಾರು. ಮಗಳು ಆಗಸ್ಟಿನಲ್ಲಿ ಮುನ್ನೂರು ಮೈಲಿ ದೂರದ ಕಾಲೇಜಿಗೆ ಹೊರಡುವವಳಿದ್ದಳು. ಆ ಕಾರು ಅವಳಿಗೆಂದು ಮಾತಾಗಿತ್ತು. ಜುಲೈ ತಿಂಗಳಲ್ಲಿ ಡ್ರೈವ್‌ವೇಯ ಮೇಲೆ ಚುಕ್ಕಿಗಳು ಕಾಣಿಸಿಕೊಂಡವು. ಕಾರು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಸುಟ್ಟೆಣ್ಣೆಯ ವಾಸನೆ ಒಳಗೆ ಬರತೊಡಗಿತು.

ಒಂದು ಗ್ಯಾರೇಜಿಗೆ ಒಯ್ದು ತೋರಿಸಿದೆವು. ಅಲ್ಲಿಯವರು ಕಾರನ್ನು ಮೇಲಕ್ಕೆತ್ತಿ, ಕೆಳಗಿನಿಂದ ದೀಪ ಹಿಡಿದು ನೋಡಿ, ಎಂಜಿನ್ನೂ ಗೇರುಪೆಟ್ಟಿಗೆಯೂ ಕೂಡುವ ಸಂದಿನಿಂದ ಎಣ್ಣೆ ತೊಟ್ಟಿಕ್ಕುತ್ತಿರುವುದರಿಂದ ಕ್ರ್ಯಾಂಕ್ ದಂಡದ ಹಿಂಬದಿಯ ಸೀಲು ಹೋಗಿದೆ ಎಂದು ತೀರ್ಮಾನಿಸಿದರು. ಈ ಸೀಲಿನ ಬೆಲೆ ಕೆಲವೇ ಡಾಲರುಗಳು. ಆದರೆ ಅದನ್ನು ತಲುಪಲು ಗೇರುಪೆಟ್ಟಿಗೆಯನ್ನೇ ಇಳಿಸಬೇಕು. ಒಟ್ಟು 1,400 ಡಾಲರುಗಳ ಅಂದಾಜುಪಟ್ಟಿ ಕೈಗೆ ಬಂತು. ಕಾರಿನ ಬೆಲೆಯೇ ಅದರ ಎರಡರಷ್ಟಿರಲಾರದು.

"ರೀ, ಇದನ್ನ ಮಾರಿಬಿಡಿ. ಮಗು ಒಬ್ಬಳೇ ಮುನ್ನೂರು ಮೈಲಿ ಹೋಗೋದು. ಹೆದ್ದಾರಿ ಮಧ್ಯೆ ಹೊಗೆ ಬಂದ್ರೆ ಏನ್ ಗತಿ?" ಎಂದರು ನನ್ನ ಶ್ರೀಮತಿ. ಅವರ ಮಾತಿನಲ್ಲಿ ನ್ಯಾಯವಿತ್ತು. ಕಾಲೇಜಿನ ಶುಲ್ಕವನ್ನು ಹೊಂದಿಸುತ್ತಿದ್ದ ವರ್ಷದಲ್ಲಿ ಬೇರೆ ಕಾರಿಗೆ ಹಣವಿಲ್ಲ ಎಂಬ ನನ್ನ ಮಾತಿನಲ್ಲೂ ನ್ಯಾಯವಿತ್ತು. ಎರಡು ವಾರಗಳ ಗಡುವು ಕೇಳಿದೆ. ಅಷ್ಟರೊಳಗೆ ಸೋರಿಕೆ ನಿಲ್ಲದಿದ್ದರೆ ಕಾರು ಮಾರಾಟಕ್ಕೆ; ಮಗಳು ಬಸ್ಸಿಗೆ.

ಅಂದಾಜುಪಟ್ಟಿಯನ್ನು ಓದುತ್ತ ನನ್ನನ್ನು ಕಾಡಿದ್ದು ಆ ವಾಸನೆ. ನಮ್ಮ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿದೆ. ಬಿಸಿಯ ಎಕ್ಸಾಸ್ಟ್ ಕವಲುಗೊಳವೆ ಎಂಜಿನ್ನಿನ ಹಿಂದೆ, ಪ್ರಯಾಣಿಕರ ಕಡೆಯ ಗೋಡೆಗೆ ಹತ್ತಿರವಾಗಿ, ಎತ್ತರದಲ್ಲಿದೆ. ಕೆಳಗಿರುವ ಸೀಲಿನಿಂದ ಸೋರಿದ ಎಣ್ಣೆ ಮೇಲೇರಿ ಆ ಕೊಳವೆಯನ್ನು ತಲುಪುವುದೆಂತು? ಎಣ್ಣೆ ಗುರುತ್ವಾಕರ್ಷಣೆಯ ನಿಯಮಕ್ಕೆ ಬದ್ಧ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ನಿಂತಾಗ ಭೂಮಿ ಕೆಳಕ್ಕೆ ಎಳೆಯುತ್ತದೆ. ಹನಿ ಬೀಳುವ ಜಾಗ ಸೋರಿಕೆಯ ಅಂತ್ಯವೇ ಹೊರತು ಆರಂಭವಲ್ಲ. ಒದ್ದೆಯಾಗಿರುವ ಜಾಗಗಳಲ್ಲಿ ಅತ್ಯಂತ ಮೇಲಿನದನ್ನೂ ಅತ್ಯಂತ ಮುಂದಿನದನ್ನೂ ಹುಡುಕು ಎಂಬುದು ಈ ಪತ್ತೇದಾರಿಯ ಮೊದಲ ಸೂತ್ರ.

ಬಣ್ಣ ನೋಡಿ ರೋಗ ತಿಳಿ

ಮೊದಲ ರಾತ್ರಿ ಮಾಡಿದ್ದು ಅತ್ಯಂತ ಸರಳವಾದ ಕೆಲಸ. ಕಾರಿನ ಅಡಿಯಲ್ಲಿ ಅಗಲವಾದ ಬಿಳಿಯ ರಟ್ಟನ್ನು ಹಾಸಿ, ಮುಂದಿನ ಗಾಲಿಗಳಿರುವ ಜಾಗವನ್ನು ಅದರ ಮೇಲೆ ಗುರುತು ಮಾಡಿದೆ. ಬೆಳಿಗ್ಗೆ ಬಿದ್ದಿರುವ ಹನಿಯ ಬಣ್ಣವೂ ಸ್ಥಾನವೂ ಅರ್ಧ ಕಥೆಯನ್ನು ಹೇಳುತ್ತವೆ.

ಜೇನಿನ ಬಣ್ಣದಿಂದ ಕಪ್ಪಿನವರೆಗೆ ಇದ್ದು ಜಿಡ್ಡಾಗಿದ್ದರೆ ಅದು ಎಂಜಿನ್ ಎಣ್ಣೆ. ಕೆಂಪಗಿದ್ದರೆ ಬಹುಮಟ್ಟಿಗೆ ಸ್ವಯಂಚಾಲಿತ ಗೇರುಪೆಟ್ಟಿಗೆಯದು. ಹಸಿರು, ಕಿತ್ತಳೆ ಅಥವಾ ಗುಲಾಬಿ ಬಣ್ಣದ, ಸಿಹಿ ವಾಸನೆಯ ದ್ರವವಾದರೆ ಅದು ರೇಡಿಯೇಟರಿನ ಕೂಲಂಟ್. ಅದು ವಿಷ, ಮಕ್ಕಳನ್ನೂ ನಾಯಿ ಬೆಕ್ಕುಗಳನ್ನೂ ಅದರಿಂದ ದೂರವಿಡಬೇಕು. ಗಾಲಿಯ ಬಳಿ ತಿಳಿಹಳದಿಯ ಜಾರುವ ದ್ರವ ಕಂಡರೆ ಬ್ರೇಕಿನ ದ್ರವವೆಂದು ಶಂಕಿಸಿ ಕಾರನ್ನು ಹೊರಗೆ ತೆಗೆಯಲೇಬಾರದು. ಬೇಸಿಗೆಯಲ್ಲಿ ತಿಳಿನೀರು ಮಾತ್ರ ಬಿದ್ದಿದ್ದರೆ ಅದು ಹವಾನಿಯಂತ್ರಕದ ಬೆವರು, ನೆಮ್ಮದಿಯಾಗಿ ನಿದ್ರಿಸಬಹುದು.

ನಮ್ಮ ರಟ್ಟಿನ ಮೇಲೆ ಬಿದ್ದದ್ದು ಕಂದುಗಪ್ಪಿನ ಎಂಜಿನ್ ಎಣ್ಣೆಯೇ. ಸ್ಥಾನ ಗ್ಯಾರೇಜಿನವರು ಹೇಳಿದ್ದೇ. ಇನ್ನು ಹನಿಯ ದಾರಿಯನ್ನು ಹಿಂದಕ್ಕೆ ಅನುಸರಿಸಬೇಕಿತ್ತು.

ತೊಳೆ, ಪುಡಿ ಹಾಕು, ಕಾದು ನೋಡು

ವರ್ಷಗಟ್ಟಲೆ ಎಣ್ಣೆಯೂ ಧೂಳೂ ಮೆತ್ತಿಕೊಂಡಿರುವ ಎಂಜಿನ್ನಿನ ಮೇಲೆ ಹೊಸ ಸೋರಿಕೆಯನ್ನು ಗುರುತಿಸುವುದು ಅಸಾಧ್ಯ. ಆದ್ದರಿಂದ ಮೊದಲು ತೊಳೆಯಬೇಕು. ಎಂಜಿನ್ ತಣ್ಣಗಿರುವಾಗ ಜಿಡ್ಡು ಕರಗಿಸುವ ದ್ರಾವಣವನ್ನು ಸಿಂಪಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ ತೆಗೆದೆವು. ವಿದ್ಯುತ್ ಭಾಗಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೆವು. ಒಣಗಿದ ನಂತರ ಶಂಕೆಯಿರುವ ಜಾಗಗಳ ಮೇಲೆ ಔಷಧದಂಗಡಿಯಲ್ಲಿ ಸಿಗುವ, ಪಾದಗಳಿಗೆ ಸಿಂಪಡಿಸುವ ಬಿಳಿಯ ಪುಡಿಯನ್ನು ಹಾಕಿದೆವು. ಎಣ್ಣೆ ಹೊರಬಂದ ಕಡೆ ಬಿಳಿಯ ಪುಡಿಯಲ್ಲಿ ಕಪ್ಪು ಗೆರೆ ಮೂಡಬೇಕು.

ಇದರ ಜೊತೆಗೆ ಇನ್ನೊಂದು ಉಪಾಯವನ್ನೂ ಮಾಡಿದೆವು. ಬಿಡಿಭಾಗಗಳ ಅಂಗಡಿಯಲ್ಲಿ ಎಣ್ಣೆಗೆ ಬೆರೆಸುವ ಬಣ್ಣದ ಸಣ್ಣ ಸೀಸೆಯೂ ನೇರಳಾತೀತ ಕಿರಣದ ದೀಪವೂ ಸಿಗುತ್ತವೆ. ಬಣ್ಣ ಬೆರೆತ ಎಣ್ಣೆ ಆ ದೀಪದ ಬೆಳಕಿನಲ್ಲಿ ಹಳದಿ ಹಸಿರಾಗಿ ಹೊಳೆಯುತ್ತದೆ. ಅದನ್ನು ಹಾಕಿ, ಮೂವತ್ತು ಮೈಲಿ ಓಡಿಸಿ, ಎಂಜಿನ್ ತಣಿದ ಮೇಲೆ, ಕತ್ತಲಾಗುವುದನ್ನು ಕಾದು ಮುಚ್ಚಳವನ್ನು ಎತ್ತಿದೆವು. ದೀಪ ಹಿಡಿದವಳು ಮಗಳು. ನಾನು ಕೆಳಗಿನ ಸಂದುಗಳನ್ನು ನೋಡುತ್ತಿದ್ದಾಗ ಅವಳು ಸಣ್ಣ ಕನ್ನಡಿಯೊಂದನ್ನು ಎಂಜಿನ್ನಿನ ಹಿಂದೆ ಇಳಿಸಿ, "ಅಪ್ಪ, ಇಲ್ಲಿ ನೋಡು, ಮೇಲಿಂದ್ಲೇ ಹಳದಿ ಇಳೀತಿದೆ!" ಎಂದು ಕೂಗಿದಳು.

ಎಂಜಿನ್ನಿನ ನೆತ್ತಿಯ ಮೇಲಿರುವ ಕವಾಟಗಳ ಮುಚ್ಚಳದ ಹಿಂಬದಿಯಲ್ಲಿ, ಗೇರುಪೆಟ್ಟಿಗೆಯ ಕಡೆಯ ಮೂಲೆಯಿಂದ, ಒಂದು ಹೊಳೆಯುವ ಗೆರೆ ಹೊರಟಿತ್ತು. ಅದರ ಒಂದು ಕವಲು ಎಕ್ಸಾಸ್ಟ್ ಕೊಳವೆಯ ತಗಡಿನ ಮೇಲೆ ಇಳಿದಿತ್ತು. ವಾಸನೆಯ ಮೂಲ ಅದು. ಇನ್ನೊಂದು ಕವಲು ಎಂಜಿನ್ನಿನ ಬೆನ್ನಿನ ಮೇಲೆ ಹರಿದು, ಗೇರುಪೆಟ್ಟಿಗೆಯ ಸಂದನ್ನು ಸೇರಿ, ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ಕೆಳಗಿನಿಂದ ಮಾತ್ರ ನೋಡಿದವರಿಗೆ ಅದು ಹಿಂಬದಿಯ ಸೀಲಿನ ಸೋರಿಕೆಯಂತೆಯೇ ಕಾಣುತ್ತದೆ. ಗ್ಯಾರೇಜಿನವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಆ ಸೀಲುಗಳೂ ಹಾಳಾಗುವುದುಂಟು. ಐದು ನಿಮಿಷದ ನೋಟಕ್ಕೆ ಸಿಗುವ ಉತ್ತರ ಅದೇ. ತೊಳೆದು, ಓಡಿಸಿ, ಕಾದು ನೋಡುವ ವ್ಯವಧಾನ ಕಾರಿನ ಒಡೆಯನಿಗಲ್ಲದೆ ಬೇರೆಯವರಿಗೆ ಎಲ್ಲಿಂದ ಬರಬೇಕು?

ಉಸಿರಾಟದ ಪರೀಕ್ಷೆ

ಗ್ಯಾಸ್ಕೆಟ್ ಬದಲಿಸುವ ಮುನ್ನ ಒಂದು ಪರೀಕ್ಷೆ ಅಗತ್ಯ. ಎಂಜಿನ್ನಿನ ಒಡಲಲ್ಲಿ ಸೇರಿಕೊಳ್ಳುವ ಅನಿಲವನ್ನು ಹೊರಗೆ ಬಿಡದೆ ಮತ್ತೆ ಉರಿಯುವ ಕೋಣೆಗೆ ಕಳುಹಿಸುವ ಒಂದು ಸಣ್ಣ ಕವಾಟವಿದೆ, ಇದನ್ನು ಪಿ.ಸಿ.ವಿ. ಎನ್ನುತ್ತಾರೆ. ವಾಯುಮಾಲಿನ್ಯವನ್ನು ತಗ್ಗಿಸಲು ಕ್ಯಾಲಿಫೋರ್ನಿಯಾ ರಾಜ್ಯವು 1961ರಲ್ಲಿ ಈ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ನಿರ್ಧಾರ ಮಾಡಿತು. ಕಾರಿನ ಹೊಗೆಯ ಮೇಲೆ ಈ ದೇಶ ಹಾಕಿದ ಮೊದಲ ಕಡಿವಾಣವದು. ಈ ಕವಾಟ ಕಟ್ಟಿಕೊಂಡರೆ ಒಡಲಿನ ಒತ್ತಡ ಏರಿ, ಒಳ್ಳೆಯ ಗ್ಯಾಸ್ಕೆಟ್ಟಿನ ಸಂದಿನಿಂದಲೂ ಎಣ್ಣೆಯನ್ನು ಹೊರಗೆ ದಬ್ಬುತ್ತದೆ. ಕಾರಣವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಮಾಡಿದಂತಾಗಬಾರದು.

ಪರೀಕ್ಷೆ ಸುಲಭ. ಕವಾಟವನ್ನು ಕಳಚಿ ಅಲ್ಲಾಡಿಸಿದರೆ ಗೆಜ್ಜೆಯಂತೆ ಗಲಗಲ ಸದ್ದು ಬರಬೇಕು. ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ಅದರ ಬಾಯಿಗೆ ಬೆರಳಿಟ್ಟರೆ ಒಳಕ್ಕೆ ಸೆಳೆಯುವುದು ತಿಳಿಯಬೇಕು. ನಮ್ಮದು ಜಿಡ್ಡಿನಲ್ಲಿ ಹೂತು ಮೂಕವಾಗಿತ್ತು. ಹತ್ತು ಡಾಲರಿನೊಳಗೆ ಹೊಸದು ಬಂತು.

ದುರಸ್ತಿಯ ದಿನ

ಇಲ್ಲಿ ಮೊದಲಿಗೆ ಎಚ್ಚರಿಕೆಯ ಮಾತುಗಳು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಬೇಕು. ಬೆರಳಿನ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ಜಡೆಯನ್ನು ಎತ್ತಿ ಕಟ್ಟಬೇಕು. ಕಾರಿನ ಅಡಿಗೆ ಹೋಗಬೇಕಾದರೆ ಸಮತಟ್ಟಾದ ಗಟ್ಟಿ ನೆಲದ ಮೇಲೆ, ಗಾಲಿಗಳಿಗೆ ಅಡ್ಡಗಟ್ಟೆಯಿಟ್ಟು, ಜ್ಯಾಕಿನ ಜೊತೆಗೆ ಉಕ್ಕಿನ ಸ್ಟ್ಯಾಂಡುಗಳನ್ನು ಕಡ್ಡಾಯವಾಗಿ ಕೊಡಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಒಂದು ಕ್ಷಣವೂ ನುಸುಳಬಾರದು. ಜ್ಯಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಸುದೈವದಿಂದ ಕವಾಟಗಳ ಮುಚ್ಚಳ ಎಂಜಿನ್ನಿನ ಮೇಲುಗಡೆಯೇ ಇರುವುದರಿಂದ ನಮಗೆ ಅಡಿಗೆ ಹೋಗುವ ಪ್ರಮೇಯ ಬರಲಿಲ್ಲ.

ಮಾರ್ಗದರ್ಶನಕ್ಕೆ ಊರಿನ ಸಾರ್ವಜನಿಕ ಗ್ರಂಥಾಲಯದಿಂದ ನಮ್ಮ ಮಾದರಿಯ ಕಾರಿನ ದುರಸ್ತಿ ಕೈಪಿಡಿಯನ್ನು ತಂದಿದ್ದೆವು. ಇಂಗ್ಲೆಂಡಿನ ಜಾನ್ ಹೇನ್ಸ್ 1966ರಲ್ಲಿ ಆರಂಭಿಸಿದ ಕೈಪಿಡಿಗಳ ಮಾಲೆ ಇಂದಿಗೂ ಅನೇಕ ಗ್ರಂಥಾಲಯಗಳ ಕಪಾಟಿನಲ್ಲಿದೆ. ಪುಟಗಳ ಮೇಲೆ ಹಿಂದಿನ ಓದುಗರ ಎಣ್ಣೆಯ ಬೆರಳಚ್ಚುಗಳಿರುವ ಪುಸ್ತಕಗಳು ಇವು. ಕೆಲವು ಬಿಡಿಭಾಗಗಳ ಅಂಗಡಿಗಳು ಮುಂಗಡ ಹಣ ಪಡೆದು ಸಲಕರಣೆಗಳನ್ನು ಎರವಲು ಕೊಡುವುದೂ ಉಂಟು.

ಮುಚ್ಚಳದ ಮೇಲಿರುವ ನಾಲ್ಕು ಇಗ್ನಿಷನ್ ಕಾಯಿಲುಗಳನ್ನು ಒಂದರಿಂದ ನಾಲ್ಕರವರೆಗೆ ಚೀಟಿ ಅಂಟಿಸಿ ಕಳಚಿದೆವು. ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ, ತೆಗೆದದ್ದನ್ನೆಲ್ಲ ಕ್ರಮ ತಪ್ಪದಂತೆ ರಟ್ಟಿನ ಮೇಲೆ ಚುಚ್ಚಿಟ್ಟೆವು. ಮುಚ್ಚಳ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬಾರದು. ಮೆತ್ತನೆಯ ಅಲ್ಯೂಮಿನಿಯಮ್ಮಿನಲ್ಲಿ ಗೀರು ಬಿದ್ದರೆ ಅದೇ ಹೊಸ ಸೋರಿಕೆಗೆ ದಾರಿ. ರಬ್ಬರಿನ ಸುತ್ತಿಗೆಯಿಂದ ಪಕ್ಕಗಳಲ್ಲಿ ಮೆಲ್ಲಗೆ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಹೊರತೆಗೆದ ಹಳೆಯ ಗ್ಯಾಸ್ಕೆಟ್ಟನ್ನು ಬಗ್ಗಿಸಿದಾಗ ಅದು ಸುಟ್ಟ ಹಪ್ಪಳದಂತೆ ಮುರಿಯಿತು. ಹೊಸದನ್ನು ಬೆರಳಿಗೆ ಸುತ್ತಬಹುದಿತ್ತು. ಇಪ್ಪತ್ತು ವರ್ಷಗಳ ಬಿಸಿ ಏನು ಮಾಡಬಲ್ಲದೆಂಬುದಕ್ಕೆ ಮಗಳಿಗೆ ಬೇರೆ ಪಾಠ ಬೇಕಾಗಲಿಲ್ಲ.

ಕೂಡುವ ಎರಡೂ ಮೇಲ್ಮೈಗಳನ್ನು ಪ್ಲಾಸ್ಟಿಕ್ಕಿನ ಹೆರೆಯುವ ಪಟ್ಟಿಯಿಂದ ಶುಚಿಮಾಡಿ, ನೂಲು ಬಿಡದ ಬಟ್ಟೆಯಿಂದ ಒರೆಸಿದೆವು. ತೆರೆದ ಎಂಜಿನ್ನಿನೊಳಗೆ ಕೊಳೆಯಾಗಲಿ ತಿರುಪಾಗಲಿ ಬೀಳದಂತೆ ಮೇಲೆ ಶುಭ್ರವಾದ ವಸ್ತ್ರವನ್ನು ಹೊದಿಸಿದ್ದೆವು. ಹೊಸ ಗ್ಯಾಸ್ಕೆಟ್ಟನ್ನು ಮುಚ್ಚಳದ ಕಾಲುವೆಯಲ್ಲಿ ಒಣಗಿದಂತೆಯೇ ಕೂರಿಸಿ, ಸ್ಪಾರ್ಕ್ ಪ್ಲಗ್ಗಿನ ಬಾವಿಗಳ ಸುತ್ತಲಿನ ಉಂಗುರಗಳನ್ನೂ ಬದಲಿಸಿ, ಕೈಪಿಡಿ ಸೂಚಿಸುವ ಮೂಲೆಗಳಲ್ಲಿ ಮಾತ್ರ ಸಿಲಿಕೋನ್ ಮೇಣದ ಸಣ್ಣ ಬೊಟ್ಟಿಟ್ಟೆವು. ಎಲ್ಲೆಡೆ ಮೇಣ ಬಳಿಯುವುದು ಅನೇಕರ ಚಪಲ. ಹೆಚ್ಚಾದದ್ದು ಒಳಕ್ಕೆ ಉದುರಿ ಎಣ್ಣೆಯ ಪಂಪಿನ ಜಾಲರಿಯನ್ನು ಕಟ್ಟಬಹುದು.

ಕೊನೆಯದು ಬಿಗಿಯುವ ಕೆಲಸ. ಬಿಗಿದಷ್ಟೂ ಭದ್ರವೆಂಬ ನಂಬಿಕೆ ಇಲ್ಲಿ ಸಲ್ಲದು. ಇಂಥ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಸುಮಾರು 10 ನ್ಯೂಟನ್-ಮೀಟರ್, ಅಂದರೆ 7 ಅಡಿ-ಪೌಂಡುಗಳಿಗಿಂತ ತುಸು ಹೆಚ್ಚು. ಆಯಾ ಕಾರಿನ ಕೈಪಿಡಿಯ ಅಂಕಿಯೇ ಪ್ರಮಾಣ. ಕೆಲವು ಕೈಪಿಡಿಗಳು ಇದನ್ನೇ ಅಂಗುಲ-ಪೌಂಡುಗಳಲ್ಲಿ 88 ಎಂದು ಬರೆಯುತ್ತವೆ. ಅಂಗುಲವನ್ನು ಅಡಿಯೆಂದು ಓದಿ 88 ಅಡಿ-ಪೌಂಡು ಬಿಗಿದರೆ ಬೋಲ್ಟು ಕೈಯಲ್ಲಿ ಮುರಿದು ಬರುತ್ತದೆ. ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದ, ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಆ ಕೆಲಸವನ್ನು ಮಗಳೇ ಮಾಡಿದಳು. ರೆಂಚು 'ಟಕ್' ಎಂದಾಗ ನಿಲ್ಲಿಸುವುದು ಅವಳಿಗೆ ವೀಣೆಯ ತಂತಿ ಕೂಡಿಸುವ ಅಭ್ಯಾಸದಿಂದಲೇ ಬಂದಿತ್ತೋ ಏನೋ.

ಮೇಣ ಆರುವವರೆಗೆ, ಕೊಳವೆಯ ಮೇಲೆ ಬರೆದಿರುವಷ್ಟು ಹೊತ್ತು ಕಾದು, ಎಂಜಿನ್ ಚಾಲೂ ಮಾಡಿದೆವು. ಗ್ಯಾಸ್ಕೆಟ್ಟು, ಕವಾಟ, ಬಣ್ಣ, ದ್ರಾವಣ ಎಲ್ಲ ಸೇರಿ ಖರ್ಚು ಎಪ್ಪತ್ತು ಡಾಲರುಗಳನ್ನು ದಾಟಲಿಲ್ಲ. ನುರಿತವರು ಒಂದು ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ನಾವು ನಾಲ್ಕು ಗಂಟೆ ತೆಗೆದುಕೊಂಡೆವು.

ಮೊದಲ ಎರಡು ರಾತ್ರಿ ರಟ್ಟಿನ ಮೇಲೆ ಒಂದೆರಡು ಹನಿಗಳು ಬಿದ್ದವು. ಸಂದುಗಳಲ್ಲಿ ನಿಂತಿದ್ದ ಹಳೆಯ ಶೇಷ. ಮೂರನೆಯ ರಾತ್ರಿಯಿಂದ ರಟ್ಟು ಬಿಳಿಯದಾಗಿಯೇ ಉಳಿಯಿತು. ಶ್ರೀಮತಿಯವರು ಪ್ರತಿದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ತಾವೇ ಹೋಗಿ ರಟ್ಟನ್ನು ಪರೀಕ್ಷಿಸಿ ಬರುತ್ತಿದ್ದರು. ಹತ್ತನೆಯ ದಿನ, "ಹೋಗ್ಲಿ, ಇದ್ರಲ್ಲೇ ಹೋಗ್ಲಿ ಬಿಡಿ" ಎಂಬ ತೀರ್ಪು ಬಂತು. ಕಾರು ಮಾರಾಟದ ಮಾತು ಅಲ್ಲಿಗೆ ನಿಂತಿತು.

ಉಳಿದ ಶಂಕಿತರು

ಎಲ್ಲ ಸೋರಿಕೆಗಳೂ ಇಷ್ಟು ಮೇಲೆ ಇರುವುದಿಲ್ಲ. ಎಣ್ಣೆ ಬದಲಾಯಿಸಿದ ಕೆಲವೇ ದಿನಗಳಲ್ಲಿ ಹನಿ ಕಂಡರೆ ಮೊದಲು ನೋಡಬೇಕಾದವು ತಳದ ಬಿರಡೆ ಮತ್ತು ಫಿಲ್ಟರ್. ಬಿರಡೆಯ ವಾಷರನ್ನು ಪ್ರತಿ ಸಲವೂ ಬದಲಿಸುವುದು ಲೇಸು; ಅದರ ಬೆಲೆ ಪುಡಿಗಾಸು. ಹಳೆಯ ಫಿಲ್ಟರಿನ ರಬ್ಬರಿನುಂಗುರ ಎಂಜಿನ್ನಿಗೇ ಅಂಟಿಕೊಂಡು, ಅದರ ಮೇಲೆ ಹೊಸ ಫಿಲ್ಟರು ಕುಳಿತರೆ ಎಣ್ಣೆ ಹನಿಯುವುದಿಲ್ಲ, ಧಾರೆಯಾಗಿ ಸುರಿಯುತ್ತದೆ. ಎಣ್ಣೆಯ ಒತ್ತಡವನ್ನು ತಿಳಿಸುವ ಸಂವೇದಕ ಸೋರುವುದೂ ಸಾಮಾನ್ಯ; ಅದನ್ನು ಮನೆಯಲ್ಲೇ ಬದಲಿಸಬಹುದು. ಆದರೆ ಕ್ರ್ಯಾಂಕ್ ದಂಡದ ಮುಂದಿನ ಹಿಂದಿನ ಸೀಲುಗಳು, ಟೈಮಿಂಗ್ ಬೆಲ್ಟಿನ ಹಿಂದಿರುವ ಸೀಲುಗಳು ಮನೆಯ ಅಂಗಳದ ಕೆಲಸಗಳಲ್ಲ. ರೋಗ ಅದೇ ಎಂದು ಖಚಿತಪಡಿಸಿಕೊಂಡು ಗ್ಯಾರೇಜಿಗೆ ಹೋಗುವುದೇ ಜಾಣತನ. ಅಪಾರ್ಟ್‌ಮೆಂಟುಗಳಲ್ಲಿರುವವರು, ಮನೆಮಾಲೀಕರ ಸಂಘಗಳ ನಿಯಮಕ್ಕೆ ಒಳಪಟ್ಟವರು ಅಂಗಳದಲ್ಲಿ ಕಾರು ಬಿಚ್ಚಲು ಅನುಮತಿಯುಂಟೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ನೆಲದ ಕಲೆಗೂ ಒಂದು ಮದ್ದುಂಟು. ಬೆಕ್ಕಿನ ಮಲದ ತಟ್ಟೆಗೆ ಹಾಕುವ ಜೇಡಿಮಣ್ಣಿನ ಹರಳುಗಳನ್ನು ಕಲೆಯ ಮೇಲೆ ಸುರಿದು, ಕಾಲಿನಿಂದ ಅರೆದು, ಒಂದು ದಿನ ಬಿಟ್ಟು ಗುಡಿಸಬೇಕು. ಮಿಷಿಗನ್ ರಾಜ್ಯದ ಎಡ್ ಲೋ 1947ರಲ್ಲಿ ಇದನ್ನು ಬೆಕ್ಕುಗಳಿಗೆಂದು ಮಾರಲು ತೊಡಗುವ ಮುನ್ನ ಆತನ ಕುಟುಂಬ ಈ ಮಣ್ಣನ್ನು ಕಾರ್ಖಾನೆಗಳ ಎಣ್ಣೆ ಹೀರಲೆಂದೇ ಮಾರುತ್ತಿತ್ತು. ನಮ್ಮ ಹೆಂಗಳೆಯರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೂ ಇದೇ ಜಾತಿಯ ಮಣ್ಣು. ಹಳೆಯ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಒಯ್ದರೆ ಅನೇಕ ಬಿಡಿಭಾಗಗಳ ಅಂಗಡಿಗಳು ಉಚಿತವಾಗಿ ಸ್ವೀಕರಿಸುತ್ತವೆ. ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ ಎರಡೂವರೆ ಕ್ವಾರ್ಟು ಹೊಸ ಎಣ್ಣೆಗೆ 42 ಗ್ಯಾಲನ್ ಕಚ್ಚಾತೈಲ ಬೇಕು. ಅಷ್ಟನ್ನೇ ಒಂದು ಗ್ಯಾಲನ್ ಬಳಸಿದ ಎಣ್ಣೆಯಿಂದ ಪಡೆಯಬಹುದು.

ಕೊನೆಯ ಮಾತು

ದುರಸ್ತಿಯ ನಡುವೆ ಮಗಳು ಒಂದು ಪ್ರಶ್ನೆ ಕೇಳಿದ್ದಳು: "ಅಪ್ಪ, ನನ್ನ ಮುಂದಿನ ಕಾರು ಎಲೆಕ್ಟ್ರಿಕ್ ಇರತ್ತೆ. ಅದ್ರಲ್ಲಿ ಎಂಜಿನ್ ಆಯಿಲ್ಲೇ ಇರಲ್ಲ. ಇದೆಲ್ಲ ಕಲಿತು ಏನು ಪ್ರಯೋಜನ?" ಪ್ರಶ್ನೆ ಸರಿಯಾದದ್ದೇ. ಕೀಲೆಣ್ಣೆಯ ಗೊಟ್ಟ ಮರೆಯಾದಂತೆ ಎಂಜಿನ್ ಎಣ್ಣೆಯ ಡಬ್ಬಿಯೂ ಒಂದು ದಿನ ಮರೆಯಾಗಬಹುದು. ಆದರೆ ಕಂಡದ್ದನ್ನೇ ಕಾರಣವೆಂದು ನಂಬದೆ ಹಿಂದಕ್ಕೆ ಹುಡುಕುವುದು, ಹುಡುಕುವ ಮುನ್ನ ಶುಚಿಮಾಡುವುದು, ಅಗತ್ಯಕ್ಕಿಂತ ಹೆಚ್ಚು ಬಿಗಿಯದಿರುವುದು, ಇವಕ್ಕೆ ಎಲ್ಲ ಯಂತ್ರಗಳಲ್ಲೂ ಕೆಲಸವಿದೆ.

ನಾವು ಪ್ರತಿವರ್ಷ ಆಯುಧಪೂಜೆಯಂದು ಕಾರನ್ನು ತೊಳೆದು, ಕುಂಕುಮವಿಟ್ಟು, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಮಂಗಳಾರತಿ ಮಾಡುತ್ತೇವೆ. ಆ ದಿನ ಎಂಜಿನ್ನಿನ ಮುಚ್ಚಳವನ್ನೂ ಒಮ್ಮೆ ಎತ್ತಿ, ಎಣ್ಣೆಯ ಕಡ್ಡಿಯನ್ನು ಒರೆಸಿ ನೋಡಿದರೆ ಪೂಜೆ ಇನ್ನಷ್ಟು ಪೂರ್ಣವಾದೀತು.

ಬಂಧುಗಳೇ, ಸಮ್ಮೇಳನದ ಊಟ, ಸಂಗೀತ, ಗೋಷ್ಠಿಗಳನ್ನು ಮುಗಿಸಿ ನಾಳಿದ್ದು ತಾವು ಊರಿಗೆ ಹೊರಡುವಿರಿ. ಹೊರಡುವ ಮುನ್ನ ಕಾರನ್ನು ನಿಂತಲ್ಲಿಂದ ಹತ್ತು ಅಡಿ ಮುಂದಕ್ಕೆ ತಂದು, ಇಳಿದು, ಅದು ನಿಂತಿದ್ದ ಜಾಗವನ್ನೊಮ್ಮೆ ನೋಡಿ. ನೆಲ ಒಣಗಿದ್ದರೆ ಪ್ರಯಾಣ ಸುಖಕರವಾಗಲಿ. ಚುಕ್ಕಿಗಳಿದ್ದರೆ ಮೊದಲು ಕಡ್ಡಿಯನ್ನು ನೋಡಿ, ಕೊರತೆಯಿದ್ದಷ್ಟು ಎಣ್ಣೆಯನ್ನು ತುಂಬಿ, ಇನ್ನೊಂದು ಡಬ್ಬಿಯನ್ನು ಹಿಂದೆ ಇಟ್ಟುಕೊಂಡು ಹೊರಡಿ. ಎಣ್ಣೆಯ ಒತ್ತಡದ ಕೆಂಪು ದೀಪ ದಾರಿಯಲ್ಲಿ ಹೊತ್ತಿದರೆ ಮಾತ್ರ, ಮುಂದಿನ ನಿರ್ಗಮನದವರೆಗೂ ಹೋಗೋಣವೆಂದು ಲೆಕ್ಕ ಹಾಕದೆ, ರಸ್ತೆಯ ಬದಿಗೆ ಸರಿದು ಎಂಜಿನ್ ನಿಲ್ಲಿಸಿ.